ಕ್ಯಾಲೆಂಡರಿನ ಹೆಂಗಸು

ಪರದೇಶದಿಂದ ಶಾಲೆಯ ಮಕ್ಕಳಿಗೆಂದು ಹಾಲಿನ ಪುಡಿ ಬರುತ್ತಿದ್ದ ಕಾಲ ಅದು. ನನ್ನ ವಾರಿಗೆಯವರಿಗೆ ಆ ವಾಸನೆ ನೆನಪಿರಲೇಬೇಕು. ದೊಡ್ಡ ಡ್ರಮ್ಮಿನಲ್ಲಿ ಕುದಿಸಿ ತಳ ಹಿಡಿಸಿದ ಹಾಲು, ಮೇಲೆ ತೇಲುವ ಗಂಟುಗಳು. ಇವತ್ತಿಗೂ ಎಲ್ಲಾದರೂ ಹಾಲು ಸೀದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಈಗ ಸಹಕಾರನಗರದ ಮನೆಗಳಿರುವ ಕಡೆ ಆಗ ರಾಗಿ ಹೊಲ, ದ್ರಾಕ್ಷಿ ತೋಟ. ಅಪ್ಪ ಮಾಕಳಿ ಕಡೆ ಕಲ್ಲು ಒಡೆಯಲು ಹೋಗುತ್ತಿದ್ದ, ಅಮ್ಮ ದ್ರಾಕ್ಷಿ ತೋಟದಲ್ಲಿ ಕೂಲಿ. ನನಗೆ ಅಕ್ಷರ ಕಲಿಸಿದ್ದು ಊರಾಚೆಯ ಮಿಷನ್ ಶಾಲೆ. ನನ್ನ ಕಜ್ಜಿಗೆ ಮುಲಾಮು ಹಚ್ಚಿದ್ದು ಅಲ್ಲಿನ ಮಿಸ್ಸಮ್ಮ, ಸಮುದ್ರದಾಚೆಯಿಂದ ಬಂದ ಬಿಳೀ ಹೆಂಗಸು. ಅದನ್ನು ಇಲ್ಲವೆಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು.

ಒಂದು ಚಳಿಗಾಲ ಶಾಲೆಯ ಮೇನೇಜರು ಹೇಳಿ ಕಳಿಸಿದರು: ಹಾಲಿನ ಪುಡಿ ಕಳಿಸುವವರಿಗೆ ತೋರಿಸಲು ಫೋಟೋ ತೆಗೆಯುತ್ತೇವೆ, ನಾಳೆ ತಾಯಂದಿರೂ ಬರಲಿ. ನಮ್ಮೂರಿನಲ್ಲಿ ಫೋಟೋ ಅಂದರೆ ಮದುವೆಗೊಂದು, ಸತ್ತಾಗ ಒಂದು. ಅಮ್ಮನಿಗೆ ಮದುವೆಯದೂ ಇರಲಿಲ್ಲ. ಪಟ ಹಿಡಿಯುತ್ತಾರೆ ಅಂದಮೇಲೆ ಸಿಂಗರಿಸಿಕೊಳ್ಳದೆ ಹೋಗುವವರುಂಟೇ? ನನಗೆ ಸೀಗೆಕಾಯಿ ತಿಕ್ಕಿ ಮೀಯಿಸಿ ಜಡೆ ಹೆಣೆದಳು. ತಾನು ಪೆಟ್ಟಿಗೆಯಿಂದ ಧಾರೆ ಸೀರೆ ತೆಗೆದುಟ್ಟು, ಕನಕಾಂಬರ ಮುಡಿದಳು.

"ಚೆಂದಾಗೈತೇನೇ?"

"ಗೌರಮ್ಮ ಇದ್ದಂಗಿದೀಯ ಕಣಮ್ಮಾ."

"ಸುಮ್ಕಿರೇ, ದೃಷ್ಟಿ ಆದಾತು," ಎಂದು ನಕ್ಕಳು.

ಶಾಲೆಯಲ್ಲಿ ನಮ್ಮನ್ನು ನೋಡಿದ ಮೇನೇಜರು ಹಣೆ ಚಚ್ಚಿಕೊಂಡರು. ಅವರು ಬಿಳಿಯರಲ್ಲ, ಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮವರೇ.

"ಏನಮ್ಮಾ ಇದು, ಬೀಗರೂಟಕ್ಕೆ ಬಂದಂಗೆ ಬಂದಿದೀಯಾ! ಇದನ್ನ ನೋಡಿದ್ರೆ ಅಲ್ಲಿರೋರು ಹಾಲು ಕಳಿಸ್ತಾರಾ?"

"ಪಟ ಅಂದ್ರಲ್ಲಾ ಸಾಮಿ..."

"ಹೂ ತೆಗಿ. ಒಳಗೆ ಗೋಣಿತಾಟಿದೆ, ಹೊದ್ಕೋ."

ಹಾಲಿನ ಒಲೆಯಿಂದ ಬೂದಿ ತಂದು ನನ್ನ ಕೆನ್ನೆಗೆ ತಾವೇ ಸವರಿದರು. ಜಡೆ ಬಿಚ್ಚಿ ಕೆದರಿದರು. ಥೂ, ಆ ಬೆರಳುಗಳ ನಶ್ಯದ ನಾತ! ಅಮ್ಮನ ಕೈಗೆ ಖಾಲಿ ಲೋಟ ಕೊಟ್ಟು ಮುಂದಕ್ಕೆ ಚಾಚಲು ಹೇಳಿದರು. ಮಗಳ ಹಾಲು ತಪ್ಪೀತೆಂದು ಅಮ್ಮ ಚಾಚಿದಳು.

"ನಗಬೌದಾ ಸಾಮಿ?"

"ನಗಬೇಡ."

ಕ್ಯಾಮೆರಾ ಹಿಡಿದು ಬಂದ ಮಿಸ್ಸಮ್ಮ, ನಾವು ಗೇಟು ದಾಟುವಾಗಲೇ ಅಮ್ಮನನ್ನು ನೋಡಿದ್ದರು. "ಹೂವು ಎಲ್ಲಿ? ಹೂವು ಚೆಂದ ಇತ್ತು," ಎಂದು ತಮ್ಮ ತೊದಲು ಕನ್ನಡದಲ್ಲಿ ಕೇಳಿದರು. ಮೇನೇಜರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಕೆ ಅಮ್ಮನ ಬರಿದಾದ ಮುಡಿಯನ್ನೊಮ್ಮೆ ನೋಡಿ, ಕ್ಯಾಮೆರಾಕ್ಕೆ ಕಣ್ಣಿಟ್ಟರು. ಗೊತ್ತಿದ್ದೂ ತೆಗೆದರು. ನನಗೆ ಮುಲಾಮು ಹಚ್ಚಿದ ಕೈ ಅದು, ಆದರೂ ನೆನೆದರೆ ಅಸಹ್ಯವಾಗುತ್ತದೆ.

ತಿಂಗಳುಗಳು ಕಳೆದ ಮೇಲೆ ಆ ಫೋಟೋ ಹಾಲಿನ ಪುಡಿಯವರು ಅಚ್ಚು ಹಾಕಿಸಿದ ಕ್ಯಾಲೆಂಡರಾಗಿ ಬಂದು ಶಾಲೆಯ ಗೋಡೆ ಏರಿತು. ಅಮ್ಮ ಕೂಲಿ ಬಿಟ್ಟು ನೋಡಲು ಬಂದಳು.

"ಅಯ್ಯೋ ಪಾಪ, ಯಾವೂರೋಳೇ ಇವ್ಳು?"

ತಮಾಷೆಗೆ ಕೇಳಿದ್ದಲ್ಲ. ಆಮೇಲೆ ಪಟದಲ್ಲಿ ಆ ಹೆಂಗಸಿನ ಪಕ್ಕ ನನ್ನ ಮುಖದ ಗುರುತು ಹತ್ತಿತು. ಸೆರಗನ್ನು ಬಾಯಿಗೊತ್ತಿಕೊಂಡು ಹೊರಟೇಬಿಟ್ಟಳು. ಆಮೇಲೆ ಯಾರು ಕರೆದರೂ ಅವಳು ಕ್ಯಾಮೆರಾ ಮುಂದೆ ನಿಲ್ಲಲಿಲ್ಲ, ನನ್ನ ಮದುವೆಯಲ್ಲೂ.

ಹೊಲ ತೋಟಗಳು ಸೈಟುಗಳಾದವು, ಶಾಲೆ ಮುಚ್ಚಿತು. ಅದಕ್ಕೆ ನಾನು ಅಳುವವಳಲ್ಲ. ಅಮ್ಮ ಸತ್ತಾಗ ತಿಥಿಗೊಂದು ಫೋಟೋ ಬೇಕಲ್ಲ ಎಂದು ಸಂಬಂಧಿಕರೊಬ್ಬರು ಆ ಹಳೇ ಕ್ಯಾಲೆಂಡರನ್ನು ಎಲ್ಲಿಂದಲೋ ಹುಡುಕಿ ತಂದರು. ನಾನು ಅದನ್ನು ಒಲೆಗೆ ಹಾಕಿದೆ. ಧಾರೆ ಸೀರೆಯುಟ್ಟು ನಕ್ಕ ಆ ಬೆಳಗಿನ ಮುಖ ಈಗ ನನ್ನೊಬ್ಬಳ ಕಣ್ಣಿನಲ್ಲಿದೆ, ಅಲ್ಲೂ ಮಸುಕಾಗುತ್ತಿದೆ.

ನಮ್ಮ ಮನೆಯ ಗೋಡೆಯಲ್ಲೊಂದು ಮೊಳೆಯಿದೆ. ಹಬ್ಬದ ದಿನ ಅದಕ್ಕೆ ಕನಕಾಂಬರದ ಹಾರ ಹಾಕುತ್ತೇನೆ.

"ಫೋಟೋನೇ ಇಲ್ವಲ್ಲಜ್ಜೀ," ಅನ್ನುತ್ತಾಳೆ ಮೊಮ್ಮಗಳು.

"ಒಂದಿತ್ತು ಕಣೇ. ಅದು ನಮ್ಮಮ್ಮಂದಲ್ಲ."