ಕ್ಯಾರಿಯರ್ ಮೇಲಿನ ಪಾಠ

ಕಾರಿನಲ್ಲಿ ಮುಂದಿನ ಆಸನ ಖಾಲಿ ಇದ್ದರೂ ನಾನು ಹಿಂದೆಯೇ ಹೋಗಿ ಕೂರುತ್ತೇನೆ. ಇದನ್ನು ಕಂಡ ಬಂಧುಗಳು ನನ್ನನ್ನು ವಿನಯಶೀಲನೆಂದು ಹೊಗಳುತ್ತಾರೆ. ಹೆಂಡತಿ ಮಾತ್ರ, ಏನಾದರೂ ಆದರೆ ಮೊದಲ ಪೆಟ್ಟು ಮುಂದಿನವರಿಗೆ ಬೀಳಲಿ ಎಂಬ ದೂರಾಲೋಚನೆ ಇವರದು ಎನ್ನುತ್ತಾಳೆ. ಎರಡೂ ನಿಜವಲ್ಲ. ಹಿಂದೆ ಕೂತು ಹೋಗುವುದರಲ್ಲಿ ಒಂದು ಸುಖವಿದೆ. ದಾರಿಯ ಹೊಣೆ ಮತ್ತೊಬ್ಬರದು, ದಾರಿಯ ನೋಟ ಮಾತ್ರ ನಮ್ಮದು. ಈ ಚಟ ನನಗೆ ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹುನಗುಂದದಿಂದ ಇಳಕಲ್ಲಿಗೆ ಹೋಗುವ ಡಾಂಬರು ರಸ್ತೆಯಲ್ಲಿ, ಈರಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ.

ಆ ರಸ್ತೆಯ ನಡುವೆ ಎಲ್ಲೋ ನಮ್ಮೂರು, ಇಳಕಲ್ಲಿನಲ್ಲಿ ಕಾಲೇಜು. ಬೆಳಗಿನ ಬಸ್ಸು ಹುನಗುಂದದಲ್ಲೇ ತುಂಬಿ ತುಳುಕಿ, ಕೈಚಾಚಿ ನಿಂತ ನಮಗೆ ಧೂಳಿನ ಪ್ರಸಾದ ಕೊಟ್ಟು ಮುಂದೆ ಹೋಗುತ್ತಿತ್ತು. ನಾನು ಕನ್ನಡ ಸಾಲಿ ಮಾಸ್ತರರ ಮಗ; ವ್ಯಾಕರಣದ ಸಂಧಿಸಮಾಸಗಳೆಲ್ಲ ಕರತಲಾಮಲಕ, ಸೈಕಲ್ಲು ಮಾತ್ರ ಬಾರದು. ಈರಣ್ಣ ನೇಕಾರ ಸಂಗಪ್ಪಕಾಕಾನ ಮಗ. ಸೈಕಲ್ಲು ಅವನಿಗೆ ಲೀಲೆ, ಇಂಗ್ಲಿಷ್ ಎಂದರೆ ಎದೆ ಡವಡವ. ಇಬ್ಬರೂ ಪಿಯುಸಿಯ ಎರಡನೇ ವರ್ಷದಲ್ಲಿದ್ದೆವು. ಅವನೇ ಒಂದು ದಿನ ಕರಾರು ಹಾಕಿದ: “ಲೇ ಮಾಸ್ತರ್, ನಾ ತುಳೀತೇನಿ, ನೀ ಓದು. ಕಾಲು ನಂದು, ಬಾಯಿ ನಿಂದು.” ಅಪ್ಪನ ಹುದ್ದೆಯನ್ನು ನನಗೆ ಹೆಸರಾಗಿ ಇಟ್ಟವನೂ ಅವನೇ.

ಕರಾರಿಗೆ ಕಾರಣವಿತ್ತು. ಈರಣ್ಣ ನಸುಕಿನಲ್ಲೇ ಎದ್ದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕಾಲೇಜಿನ ಹೊತ್ತಿಗೆ ಏಳುತ್ತಿದ್ದ; ಸಂಜೆ ಬಂದು ಮತ್ತೆ ಅಲ್ಲೇ. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಅದಕ್ಕೆ ಎರಡು ಜೊತೆ ಕೈ ಬೇಕು. ಸಂಗಪ್ಪಕಾಕಾನ ಕಣ್ಣು ಮಂಜಾಗುತ್ತ ಬಂದಿತ್ತು. ಕೆಟ್ಟ ಮನುಷ್ಯನಲ್ಲ ಅವನು, ಸುಮ್ಮನೆ ಲೆಕ್ಕದ ಮಾತು ಆಡಿದ್ದ: “ಪಾಸಾದ್ರ ಬಾಗಲಕೋಟಿಗೆ ಕಳಸ್ತೇನಿ, ಹೋಗಿ ಮುಂದ ಓದು. ಇಂಗ್ಲಿಷಿನಾಗ ಬಿದ್ದಿ ಅಂದ್ರ ಸಾಕು, ಮಗ್ಗ ಹಿಡಿ.” ಹೀಗಾಗಿ ಈರಣ್ಣನ ವಿದ್ಯಾಭ್ಯಾಸಕ್ಕೆ ಉಳಿದಿದ್ದ ಏಕೈಕ ಪಾಠಶಾಲೆಯೆಂದರೆ ಆ ರಸ್ತೆ, ಏಕೈಕ ಪಂಡಿತನೆಂದರೆ ಕ್ಯಾರಿಯರಿನ ಕಬ್ಬಿಣದ ಸರಳುಗಳ ಮೇಲೆ ಕೂತು ತನ್ನ ಪೃಷ್ಠಭಾಗದಲ್ಲಿ ಅದೇ ಸರಳುಗಳ ಮುದ್ರೆ ಒತ್ತಿಸಿಕೊಂಡ ನಾನು.

ಪಠ್ಯದಲ್ಲಿ ಒಬ್ಬ ಬಿಳಿಯ ಮಹಾಶಯ ಛತ್ರಿ ಕಳೆದುಕೊಂಡು ಪುಟಗಟ್ಟಲೆ ಪರಿತಪಿಸುವ ಒಂದು ಪಾಠವಿತ್ತು. ಅದನ್ನು ನಾನು ಈರಣ್ಣನ ಬೆವರಿದ ಬೆನ್ನಿಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಎರೆಹೊಲದ ಜೋಳ ಎರಡೂ ಬದಿಗೆ ತೆನೆ ಬಿಟ್ಟು ನಿಂತಿರುತ್ತಿತ್ತು. ಹಸಿ ತೆನೆಯ ಸೀತನಿ ಸುಡುವ ಹೊಗೆಯ ವಾಸನೆಗೆ ನನ್ನ ಉಚ್ಚಾರಣೆ ದಾರಿ ತಪ್ಪುತ್ತಿತ್ತು. “ಒಂದು ಛತ್ರಿಗೆ ಇಷ್ಟ್ಯಾಕ ಅಳ್ತಾನಲೇ ಇಂವ? ನಮ್ಮೂರಾಗ ಮಳಿನ ಬರಂಗಿಲ್ಲ, ಇಲ್ಲಿ ಹುಟ್ಟಿದ್ರ ಆರಾಮ ಇರ್ತಿದ್ದ,” ಎಂದು ಈರಣ್ಣ ವ್ಯಾಖ್ಯಾನ ಮಾಡುತ್ತಿದ್ದ. ಅವನು ನಕ್ಕರೆ ಸೈಕಲ್ಲು ಓಲಾಡುತ್ತಿತ್ತು, ಓಲಾಡಿದರೆ ನಾನು ಅವನ ಸೊಂಟ ಹಿಡಿಯುತ್ತಿದ್ದೆ. ಮುಖ ನೋಡದೆ, ಬರೀ ಬೆನ್ನಿಗೆ ಮಾತಾಡುವಾಗ ಮನುಷ್ಯ ಎಷ್ಟು ನಿರಾಳನಾಗುತ್ತಾನೆಂಬುದು ಹಿಂದೆ ಕೂತವನಿಗೆ ಮಾತ್ರ ಗೊತ್ತು. ಪಾಠ ಮುಗಿದ ಮೇಲೆ ಆ ಬೆನ್ನಿಗೆ ನಾನು ಹೇಳಿಕೊಂಡ ಗುಟ್ಟುಗಳನ್ನು ಆಮೇಲೆ ಯಾರ ಮುಖಕ್ಕೂ ಹೇಳಲಾಗಿಲ್ಲ.

ಈ ಸುಖಕ್ಕೆ ನನ್ನ ಸೋದರಮಾವನ ಪ್ರೀತಿಯೇ ಕುತ್ತಾಯಿತು. ಸಂಕ್ರಾಂತಿ ಕಳೆದ ಒಂದು ಶನಿವಾರ, ಅಳಿಯ ಇನ್ನೊಬ್ಬರ ಬೆನ್ನಿಗೆ ಬಿದ್ದು ಕಾಲೇಜಿಗೆ ಹೋಗುವುದು ಸರಿಯಲ್ಲವೆಂದು, ಅವನು ಇಳಕಲ್ಲಿನಿಂದ ಹೊಚ್ಚಹೊಸ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದ. ಅವ್ವನ ಮುಖ ಬಾಡಿತು. “ಶನಿವಾರ ಯಾರರ ಮನಿಗೆ ಕಬ್ಬಿಣ ತರ್ತಾರೇನೋ ತಮ್ಮಾ?” ಎಂದಳು. “ನನಗ ಸೂಟಿ ಇರೂದು ಅವತ್ತ ಅಕ್ಕಾ,” ಎಂದು ಮಾವ ನಕ್ಕ. ಶನಿಮಹಾತ್ಮನ ಭಯ ಯಾವತ್ತೂ ಇಲ್ಲದ ಅಪ್ಪ ಸೈಕಲ್ಲಿಗೆ ಕುಂಕುಮ ವಿಭೂತಿ ಹಚ್ಚಿಸಿ, ಭಾನುವಾರವಿಡೀ ನನ್ನನ್ನು ಸಾಲಿ ಬಯಲಿನಲ್ಲಿ ಓಡಿಸಿ, ಬೀಳಿಸಿ, ಎಬ್ಬಿಸಿ, ಸವಾರನನ್ನಾಗಿ ಮಾಡಿದರು.

ಸೋಮವಾರ ಎರಡು ಸೈಕಲ್ಲು ಹೊರಟವು. “ಛಲೋ ಆತಲೇ, ಇನ್ನ ನನ್ನ ತೊಡಿ ಹಗುರಾದ್ವು,” ಎಂದ ಈರಣ್ಣ, ಹೊಲದ ಕಡೆ ನೋಡುತ್ತ. ಕಲ್ಲು ತುಂಬಿದ ಲಾರಿ ಎದುರಿಗೆ ಬಂದಾಗಲೆಲ್ಲ ಒಬ್ಬ ಹಿಂದೆ ಸರಿಯಬೇಕು. ಆಡುತ್ತಿದ್ದ ಮಾತು ಅಲ್ಲೇ ತುಂಡಾಗಬೇಕು. ಕಾಲೇಜಿಗೆ ಎಂದೂ ಇಲ್ಲದಷ್ಟು ಬೇಗ ತಲುಪಿ, ಏನು ಮಾಡಬೇಕೆಂದು ತಿಳಿಯದೆ ಬೇವಿನ ಗಿಡದ ಕೆಳಗೆ ಪೆದ್ದರ ಹಾಗೆ ನಿಂತೆವು. ‘ಪಾಠ ಓದಿ ಹೇಳು’ ಎಂದು ಅವನು ಕೇಳಲಿಲ್ಲ. ಕೇಳುವ ಜಾತಿಯವನೇ ಅಲ್ಲ. ನನಗೋ, ಹೊಸ ಸೈಕಲ್ಲಿನ ಗಂಟೆ ಬಾರಿಸಿದಾಗಲೆಲ್ಲ ಇವನನ್ನು ನಾನೇ ಮಗ್ಗದ ಕುಣಿಗೆ ನೂಕುತ್ತಿದ್ದೇನೆ ಅನ್ನಿಸುತ್ತಿತ್ತು.

ಮರುದಿನ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಸೈಕಲ್ಲು ಕಲಿತು ಎರಡೇ ದಿನವಾದ ಪಂಡಿತನಿಗೆ ಮಾತ್ರ ಹೊಳೆಯಲು ಸಾಧ್ಯ. ಈರಣ್ಣನ ಮನೆಯ ನೂಲಿನಿಂದಲೇ ಪಠ್ಯಪುಸ್ತಕವನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು, ಪಕ್ಕದಲ್ಲಿ ತುಳಿಯುತ್ತಿದ್ದ ಅವನಿಗೆ ಕೇಳುವಂತೆ ಉಚ್ಚಕಂಠದಿಂದ ಓದುತ್ತ ಹೊರಟೆ. ಬಿಳಿಯ ಮಹಾಶಯನ ಛತ್ರಿ ಇನ್ನೇನು ಸಿಗಬೇಕು, ಎದುರಿನಿಂದ ಲಾರಿ ಬಂತು. ನಾನೂ ನನ್ನ ಪುಸ್ತಕವೂ ಮಾವನ ಪ್ರೀತಿಯೂ ಒಟ್ಟಿಗೆ ಹೋಗಿ ಜಾಲಿಕಂಟಿಯಲ್ಲಿ ಬಿದ್ದೆವು. ಈರಣ್ಣ ಮುಳ್ಳು ಕೀಳುತ್ತ, ನಗು ತಡೆಯಲಾರದೆ, “ಹುಚ್ಚ ಅದೀಯಲೇ ನೀ, ಖರೇನ ಹುಚ್ಚ ಅದೀ,” ಎಂದ. ಅವನ ಕಣ್ಣು ಮಾತ್ರ ತುಂಬಿತ್ತು.

ಅವ್ವ ತೀರ್ಪು ಕೊಟ್ಟಳು: “ಶನಿವಾರದ ಕಬ್ಬಿಣ ರಕ್ತ ಕೇಳೇ ಕೇಳ್ತೈತಿ. ಯುಗಾದಿಗೆ ಮತ್ತೊಮ್ಮೆ ಪೂಜಿ ಆಗೂತನಕ ಯಾರೂ ಮುಟ್ಟೂಹಂಗಿಲ್ಲ.” ಪರೀಕ್ಷೆ ಇದ್ದದ್ದು ಯುಗಾದಿಗೆ ಮೊದಲು. ಶನಿಮಹಾತ್ಮನ ಮೇಲೆ ನನಗೆ ಆ ಕ್ಷಣ ಹುಟ್ಟಿದಷ್ಟು ಭಕ್ತಿ ಮುಂದೆಂದೂ ಹುಟ್ಟಿಲ್ಲ. ಆದರೆ ಅಪ್ಪ ವಿಚಾರವಾದಿಗಳು. “ಕಾಲು ನೆಟ್ಟಗಾದ ದಿನ ಸೈಕಲ್ ಹೊರಗ ತಗೀತೀ. ಶನಿ ಏನ್ ಮಾಡ್ತಾನ ನಾನೂ ನೋಡ್ತೇನಿ,” ಎಂದರು. ಕಾಲು ನಾಲ್ಕು ದಿನಕ್ಕೇ ನೆಟ್ಟಗಾಯಿತು. ಆದ್ದರಿಂದ ನಾನು ಕುಂಟತೊಡಗಿದೆ. ಅಪ್ಪನ ಎದುರು ಕುಂಟಿದೆ, ಬಾವಿಗೆ ಹೋಗುವಾಗ ಕುಂಟಿದೆ, ಈರಣ್ಣನಿಗೆ ಅನುಮಾನ ಬಾರದಿರಲೆಂದು ಕಾಲೇಜಿನ ಮೆಟ್ಟಿಲಲ್ಲೂ ಕುಂಟಿದೆ. ದವಾಖಾನಿಯ ಡಾಕ್ಟರು ಸಹ ಮೂಳೆ ಮುಟ್ಟಿ ನೋಡಿ, ಏನೂ ಕಾಣದೆ, ಘನವಾಗಿ ತಲೆಯಾಡಿಸಿ ಎಣ್ಣೆ ಬರೆದುಕೊಟ್ಟರು. ಮತ್ತೆ ಅದೇ ಕ್ಯಾರಿಯರ್, ಅದೇ ಬೆನ್ನು, ಮೊದಲಿನಿಂದ ಕೊನೆಯವರೆಗೆ ಇಡೀ ಇಂಗ್ಲಿಷ್ ಪುಸ್ತಕ.

ಈರಣ್ಣ ಪಾಸಾದ. ದಡ ಮುಟ್ಟಿದ್ದು ಕೂದಲೆಳೆಯ ಅಂತರದಲ್ಲಿ, ಆದರೂ ಮುಟ್ಟಿದ. ಸಂಗಪ್ಪಕಾಕಾ ಮಾತಿಗೆ ತಪ್ಪಲಿಲ್ಲ; ಕೊಂಡಿ ಹಾಕಲು ತಂಗಿಯ ಮಗಳನ್ನು ಎದುರು ಕೂರಿಸಿಕೊಂಡು, ಮಗನನ್ನು ಬಾಗಲಕೋಟೆಗೆ ಕಳಿಸಲು ಒಪ್ಪಿದ. ಅವನು ಪಾಸಾಗಲೆಂದು ದೇವರಿಗೆ ಹರಕೆ ಹೊತ್ತವನು ನಾನು. ಪಾಸಾದರೆ ಅವನು ಹೋಗಿಬಿಡುತ್ತಾನೆಂಬ ಸಾದಾ ಸಂಗತಿ ನನ್ನ ವ್ಯಾಕರಣಪಟು ಬುದ್ಧಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಈಗ ಅವನು ಬಾದಾಮಿಯಲ್ಲಿ ನೌಕರಿ ಮುಗಿಸಿ ಆರಾಮವಾಗಿದ್ದಾನೆ, ಫೋನೂ ಮಾಡುತ್ತಾನೆ. ಆರೋಗ್ಯ, ಪಿಂಚಣಿ, ಮೊಮ್ಮಕ್ಕಳು ಎಲ್ಲ ಮಾತಾಡುತ್ತೇವೆ. ಆ ಬೆನ್ನಿಗೆ ಹೇಳುತ್ತಿದ್ದ ಮಾತುಗಳು ಮಾತ್ರ ಫೋನಿನಲ್ಲಿ ಬಾಯಿಗೆ ಬರುವುದಿಲ್ಲ.

ಅವನು ಹೊರಟ ದಿನ, ಗುಡೂರು ಮೇಲೆ ಹಾಯ್ದು ಬಾಗಲಕೋಟೆಗೆ ಹೋಗುವ ಬಸ್ಸಿಗೆ ಹತ್ತಿಸಲು ನಾನು ಇಳಕಲ್ಲಿಗೆ ಹೋಗಿದ್ದೆ. ಅವನು ಕಾಕಾನ ಜೊತೆ ಎತ್ತಿನ ಚಕ್ಕಡಿಯಲ್ಲಿ ಬಂದಿದ್ದ, ನಾನು ಯುಗಾದಿಯ ಪೂಜೆ ಕಂಡ ನನ್ನ ಸೈಕಲ್ಲಿನಲ್ಲಿ. ಬಸ್ಸು ಶುರುವಾದಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಲೇ ಮಾಸ್ತರ್, ಒಂದ ದಿನ ಎಡಗಾಲು ಕುಂಟತಿದ್ದಿ, ಒಂದ ದಿನ ಬಲಗಾಲು. ನನಗೇನು ಕಣ್ಣಿಲ್ಲ ಅಂತ ತಿಳದಿದ್ದೇನು?”

ನನ್ನ ಮುಖ ಕೆಂಪಾಯಿತು. “ಗೊತ್ತಿದ್ರ ಅವತ್ತ ಯಾಕ ಅನ್ನಲಿಲ್ಲೋ?” ಎಂದೆ.

“ಅಂದಿದ್ರ ನೀ ಕ್ಯಾರಿಯರ್ ಮ್ಯಾಲಿಂದ ಇಳೀತಿದ್ದಿ ಅಲ್ಲಲೇ,” ಎಂದ.

ಬಸ್ಸು ಹೋಯಿತು. ಸೈಕಲ್ಲು ಹೊಸದಿತ್ತು, ಎರಡೂ ಕಾಲು ಗಟ್ಟಿಯಿದ್ದವು, ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಆದರೂ ಊರು ಬರುವತನಕ ನಾನು ಹತ್ತಲಿಲ್ಲ. ಸೈಕಲ್ಲನ್ನು ಕೈಯಲ್ಲಿ ಹಿಡಿದು ನೂಕಿಕೊಂಡೇ ನಡೆದೆ.