ಗ್ರಹಣ ನೋಡಿದ ಫಿಲ್ಮು

ಆರು ತಿಂಗಳು ನನ್ನ ತಲೆನೋವಿಗೆ ಭಾವ ಇಟ್ಟಿದ್ದ ಹೆಸರು ನಾಟಕ. ವಾಂತಿಯಾದರೂ ನಾಟಕ, ರೊಟ್ಟಿ ಬಡಿಯುವಾಗ ಕಣ್ಣು ಮಂಜಾದರೂ ನಾಟಕ. ಗಂಡನ ಅಣ್ಣನೆದುರು ಬಾಯಿ ತೆರೆಯುವ ರೂಢಿ ನಮ್ಮಲ್ಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೇಳಿಸಿಕೊಂಡೆ. ಒಂದನ್ನೂ ಮರೆಯಲಿಲ್ಲ.

ಕೊನೆಗೆ ಸೇಡಂನಿಂದ ತವರಿನವರು ಬಂದು ಕಲಬುರಗಿಯಲ್ಲಿ ಎಂಆರ್‌ಐ ಮಾಡಿಸಿದರು. ಫಿಲ್ಮಿನ ತುಂಬ ಕಪ್ಪು, ಮಿದುಳಿನ ಬದಿಗೆ ನಿಂಬೆಹಣ್ಣಿನಂಥ ಬಿಳಿ ಗಡ್ಡೆ. ಆಪರೇಷನ್ ಆಯಿತು. ಮುಂದಿನ ಸ್ಕ್ಯಾನಿನ ಜೊತೆ ಹೋಲಿಸಲು ಇದು ಬೇಕು, ಜೋಪಾನ ಎಂದರು ಡಾಕ್ಟರು. ಶಹಾಬಾದಿನ ಮನೆಗೆ ಮರಳಿ ಅದನ್ನು ಟ್ರಂಕಿನ ಮೇಲಿಟ್ಟೆ.

ಸೂರ್ಯಗ್ರಹಣದ ದಿನ ಅದು ಅಲ್ಲಿರಲಿಲ್ಲ. ನಮ್ಮ ಕಡೆ ಗ್ರಹಣ ನೋಡುವುದು ಹಳೆಯ ಎಕ್ಸ್‌ರೇ ಫಿಲ್ಮಿನಲ್ಲಿ. ಭಾವನಿಗೆ ಇದೂ ಅಂಥದೇ ಒಂದು. ಅಂಗಳದಲ್ಲಿ ನಿಂತು ಕಣ್ಣಿಗೆ ಹಿಡಿದಿದ್ದರು. ಸುತ್ತ ಓಣಿಯ ಜನ.

"ಬರ್ರಿ, ಭಾಳ ಛಲೋ ಕಾಣಲಿಕತ್ತದ. ನಡುವ ಬಿಳೀದು ಏನೋ ಅಡ್ಡ ಬರ್ತದ ನೋಡ್ರಿ," ಎನ್ನುತ್ತಿದ್ದರು.

ಅಂದು ಮೊದಲ ಸಲ ಅವರೊಡನೆ ನೇರ ಮಾತಾಡಿದೆ.

"ಅದು ನನ್ನ ನಾಟಕರಿ, ಭಾವಾರ."

ಅವರು ಫಿಲ್ಮು ಇಳಿಸಹೋದರು.

"ಇಳಸಬ್ಯಾಡ್ರಿ. ಆರು ತಿಂಗಳು ಕಾಣಲಿಲ್ಲ, ಇವತ್ತರೆ ಕಣ್ತುಂಬ ನೋಡ್ರಿ."

ಅವರು ಫಿಲ್ಮು ಹಿಡಿದೇ ನಿಂತರು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಎಲ್ಲರೆದುರು ಸೆರಗು ಸರಿಸಿ, ಬೋಳು ತಲೆಯ ಮೇಲಿನ ಹೊಲಿಗೆ ತೋರಿಸಿದೆ. ಗ್ರಹಣ ಬಿಟ್ಟಿತು. ಆ ಸೆರಗು ಮಾತ್ರ ಇವತ್ತಿನವರೆಗೂ ತಲೆಗೇರಿಲ್ಲ.