ಪಳಗಿಸಿದ ಸ್ಪೂನು

ಮೀನು ಹಿಡಿಯುವ ವಿದ್ಯೆ ಗಂಡಸರದು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಜಗಳ ಆಡಿದರೆ ಏದುಸಿರು ಬರುತ್ತದೆ. ಸುಮ್ಮನೆ ಒಂದು ಪ್ರಶ್ನೆ ಕೇಳುತ್ತೇನೆ: ಆ ಮೀನಿನ ಹೊಟ್ಟೆಯಲ್ಲಿ ಏನಿತ್ತು ಗೊತ್ತೇನಪ್ಪ? ಎದುರಿನವರು ತಲೆ ಕೆರೆದುಕೊಳ್ಳುತ್ತಾರೆ. ಗೊತ್ತಾಗುವುದಾದರೂ ಹೇಗೆ? ಹಿಡಿದು ತಂದು, ಹಿತ್ತಿಲ ಕಲ್ಲಿನ ಮೇಲೆ ದೊಪ್ಪನೆ ಹಾಕಿ, ಬೇಗ ಸಾರು ಮಾಡು ಎಂದು ಕಾಲು ತೊಳೆಯಲು ಹೋಗುವವರು ಅವರು. ಹೊಟ್ಟೆ ಸೀಳುವವರು ನಾವು.

ನಾನು ಶಿವಮೊಗ್ಗದಲ್ಲಿ ಹುಟ್ಟಿದವಳು. ಗಾಂಧಿ ಬಜಾರಿನ ಒಂದು ಜವಳಿ ಅಂಗಡಿಯಲ್ಲಿ ನಮ್ಮಪ್ಪ ಸೀರೆ ತೋರಿಸುವ ಕೆಲಸದಲ್ಲಿದ್ದರು. ಬಂದವರು ಸೀರೆ ಹಿಡಿದುಕೊಂಡು ದೀಪದ ಕೆಳಗೆ ಮೈಮರೆತು ನಿಂತರೆ ಅಪ್ಪ ಹೇಳುತ್ತಿದ್ದರು, "ಅಮ್ಮಾ, ಒಂದ್ಸಲ ಬೀದಿಗೆ ತಂದು ನೋಡ್ಕಳಿ. ನೀವು ಉಡೋದು ಅಂಗಡಿ ಒಳಗಲ್ಲ." ಇದರಿಂದ ಮಾಲೀಕರಿಗೆ ಲಾಭವಾಯಿತೋ ನಷ್ಟವಾಯಿತೋ, ನನಗಂತೂ ಆ ಮಾತು ಬಳುವಳಿಯಾಗಿ ಬಂತು. ಅರವತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಭದ್ರಾವತಿಯ ಓಲ್ಡ್ ಟೌನಿಗೆ ಬಂದಾಗ ಬೇರೆ ಬಳುವಳಿ ಹೆಚ್ಚೇನೂ ಇರಲಿಲ್ಲ.

ಗಂಡ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರರು. ಮಾವ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಕಬ್ಬಿಣ ತಿದ್ದಿದ ಕೈ ಸುಮ್ಮನಿರಲಾರದೆ, ಮೊದಲು ರಜೆಗಷ್ಟೇ ಹಿಡಿಯುತ್ತಿದ್ದ ಗಾಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿತ್ತು. ಅವರ ಬಳಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಅದರ ತುಂಬ ಸುಳ್ಳು ಮೀನುಗಳು. ಒಂದಷ್ಟನ್ನು ಊರಿಗೆ ಹೊರಟ ಯಾರೋ ಪರದೇಶದ ಇಂಜಿನಿಯರು ಕೊಟ್ಟು ಹೋಗಿದ್ದನಂತೆ: ಗಾಜಿನ ಕಣ್ಣಿನ, ಕೆಂಪು ಹಸಿರು ಬಣ್ಣದ ಮರದ ಮೀನು, ಬೆಳ್ಳಗೆ ಹೊಳೆಯುವ ತಗಡಿನ ಮೀನು. ಮಿಕ್ಕಿದ್ದೆಲ್ಲ ಮಾವನೇ ಹಿತ್ತಾಳೆ ಚೂರುಗಳನ್ನು ಬಡಿದು ಚಮಚದ ಹೊಟ್ಟೆಯಂತೆ ಬಗ್ಗಿಸಿ, ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ದಾರ ಕಟ್ಟಲು ಬಳೆ ಹಾಕಿದವು. ಅದಕ್ಕೆ ಸ್ಪೂನು ಎನ್ನುತ್ತಿದ್ದರು. ನೈಲಾನ್ ದಾರಕ್ಕೆ ಕಟ್ಟಿ, ತಲೆಯ ಮೇಲೆ ಗಿರ್ರನೆ ತಿರುಗಿಸಿ ಹೊಳೆಗೆ ಎಸೆದು ಎಳೆದರೆ ಅದು ಓಲಾಡುತ್ತ ಬರುತ್ತದೆ. ಬಾಳೆ ಮೀನು ಮರಿಮೀನೆಂದು ನಂಬಿ ಬಾಯಿ ಹಾಕುತ್ತದೆ. ಉದ್ದ ಮೀಸೆಯ, ಅಗಲ ಬಾಯಿಯ, ಮೈಮೇಲೆ ಪೊರೆಯೇ ಇಲ್ಲದ ಬಾಳೆ ಮೀನಿಗೆ ದುರಾಸೆ ಜಾಸ್ತಿ.

ಅತ್ತೆಗೆ ಅದೆಂದರೆ ಪ್ರಾಣ. ಮೀನಿನ ನಡು ತುಂಡು ಅತ್ತೆಗೆ, ತಲೆ ಹಿಡಿದು ತಂದವರಿಗೆ. ಇದು ಆ ಮನೆಯ ಕಾನೂನು. ಅತ್ತೆ ತಾವೇ ಪಾತ್ರೆಯೊಳಗೆ ಸೌಟು ಆಡಿಸಿ ತಲೆಯನ್ನು ಹುಡುಕಿ ಮಾವನ ತಟ್ಟೆಗೆ ಹಾಕುತ್ತಿದ್ದರು. ಒಮ್ಮೆ ಗೊತ್ತಿಲ್ಲದೆ ನಾನು ಅದನ್ನು ನನ್ನ ಗಂಡನಿಗೆ ಬಡಿಸಿದೆ. "ಅಯ್ಯೋ ಮಾರಾಯ್ತಿ, ಅವನೇನು ಹೊಳೆಗೆ ಇಳಿದಿದ್ನಾ?" ಎಂದು ಅತ್ತೆ ಮಗನ ತಟ್ಟೆಯಿಂದಲೇ ಎತ್ತಿಕೊಂಡರು. ಅವರ ಕೈಕೆಳಗೆ ನಾನು ಇದ್ದದ್ದು ಒಂದು ವರ್ಷವೂ ಪೂರ್ತಿ ಇಲ್ಲ. ಮೀನು ಸೀಳುವುದನ್ನು, ಮಸಾಲೆ ಅರೆಯುವುದನ್ನು, ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅಷ್ಟರಲ್ಲೇ ಕಲಿಸಿ ಹೋದರು.

ಹೋಗುವ ಮುಂಚೆ ಹಾಸಿಗೆ ಹಿಡಿದಿದ್ದಾಗ ಒಂದೇ ಒಂದು ಆಸೆ ಹೇಳಿಕೊಂಡಿದ್ದರು, ಬಾಳೆ ಮೀನಿನ ಸಾರು. ಮಾವ ಡಬ್ಬಿ ಹಿಡಿದು ಹೊಳೆಗೆ ಓಡಿದರು, ಬರಿಗೈಯಲ್ಲಿ ಬಂದರು. ಮರುದಿನವೂ ಅಷ್ಟೇ. ಆಮೇಲೆ ಸಾರು ಕುಡಿಯುವ ಬಾಯೇ ಇರಲಿಲ್ಲ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಎಡೆ ಇಡಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕೋಳಿ ತಿನ್ನುತ್ತಿದ್ದವರಿಗೆ ಕೋಳಿ. ಅತ್ತೆಗೆ ಅದು ಮೊದಲ ಎಡೆ. ಮಾವ ಒಂದು ಸಂಜೆ ಜಗಲಿಯ ಮೇಲೆ ಕೂತು ಹೇಳಿಬಿಟ್ಟರು, "ನನ್ನ ಕೈಯಾರೆ ಹಿಡಿದ ಬಾಳೆ ಮೀನು ಎಡೆಗೆ ಬೀಳದೆ ನಾನು ಅವಳ ಮುಂದೆ ಕೈ ಮುಗಿಯಲ್ಲ."

"ಪೇಟೆಯಿಂದ ತಂದ್ರಾಯ್ತಪ್ಪ," ಎಂದರು ನನ್ನ ಗಂಡ.

"ಪೇಟೆ ಮೀನು ತಿನ್ನಿಸೋಕೆ ಅವಳೇನು ಹೋಟ್ಲಿಗೆ ಬಂದಿದ್ದಾಳಾ?"

ಆ ಮಾತು ಅಲ್ಲಿಗೆ ಮುಗಿಯಿತು. ಮಾವ ದಿನಾ ಬೆಳಗ್ಗೆ ಹೋಗುವುದು, ಮಧ್ಯಾಹ್ನ ಬಾಡಿದ ಮುಖದಲ್ಲಿ ಬರುವುದು ಶುರುವಾಯಿತು. ಪಕ್ಕದ ಮನೆಯಲ್ಲಿ ಒಬ್ಬ ತಮಿಳಿನ ಮೇಸ್ತ್ರಿ ಇದ್ದ, ಬೇಲಿಯ ಮೇಲೆ ಮೊಣಕೈ ಊರಿ ಕಾಯುತ್ತಿದ್ದ. "ಏನ್ ಅಣ್ಣಾಚಿ, ಇವತ್ತೂ ಮೀನುಗಳಿಗೆ ರಜಾನಾ?" ಎಂದು ನಗುತ್ತಿದ್ದ. ಮಾವ ಮೊದಲಾದರೆ ತಿರುಗಿ ಎರಡು ಮಾತು ಬಿಡುತ್ತಿದ್ದರು. ಈಗ ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು.

ಹಬ್ಬ ಹತ್ತಿರ ಬಂತು. ಹಬ್ಬದ ಮುಂಚೆ ಮನೆಯ ಹಿತ್ತಾಳೆ ತಾಮ್ರವನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗುವುದು ವಾಡಿಕೆ. ನಾನು ಹಿತ್ತಿಲಲ್ಲಿ ಹಂಡೆ, ಚೊಂಬು, ದೀಪ ಎಲ್ಲ ಹರಡಿಕೊಂಡು ಕೂತಿದ್ದಾಗ ಮಾವ ಬಂದು ಬಿಸ್ಕತ್ತಿನ ಡಬ್ಬಿಯನ್ನೂ ಮುಂದಿಟ್ಟರು.

"ಎಡೆಗೆ ಬರೋ ಮೀನು ಇದರಿಂದ ಬರಬೇಕಲ್ಲಮ್ಮ. ಮೈಲಿಗೆ ಇರಬಾರದು. ಬೆಳಗಿಕೊಡು."

ಬೆಳಗಿದೆ ನೋಡಿ! ನನಗೆ ಯಾವ ಕೆಲಸವೂ ಅರೆಬರೆ ಆಗುವುದಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ ರಭಸಕ್ಕೆ ಆ ಸ್ಪೂನುಗಳು ಮದುವಣಗಿತ್ತಿಯ ಮೂಗುಬೊಟ್ಟಿನಂತೆ ಹೊಳೆದವು. ಮಾವನಿಗೆ ಖುಷಿಯಾಯಿತು. ಆ ದಿನ ಹುರುಪಿನಿಂದ ಹೊರಟವರು ಊಟದ ಹೊತ್ತಾದರೂ ಬರಲಿಲ್ಲ. ನಾನೇ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದೆ.

ಮಾವ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ನಾನು ಮೇಲೆ, ದಡದ ಬಂಡೆಯ ಮೇಲೆ ನಿಂತೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಬಂದ ಹೊಸತು. ಮೊದಲೆಲ್ಲ ಈ ಕಾಲಕ್ಕೆ ಭದ್ರೆ ಕೆಮ್ಮಣ್ಣು ಕಲಸಿದಂತೆ ಹರಿಯುತ್ತಿದ್ದಳಂತೆ. ಮಾವನ ಹಳೆಯ ಬೇಟೆಗಳೆಲ್ಲ ಆ ಕೆಂಪು ನೀರಿನವು. ಈಗ ಮಣ್ಣು ಅಲ್ಲೇ ಮೇಲೆ ನಿಂತು, ಕೆಳಗೆ ಬರುವ ನೀರು ತಿಳಿಯಾಗಿತ್ತು. ತಳದ ಕಲ್ಲು ಎಣಿಸಬಹುದಿತ್ತು. ಮಾವ ಸ್ಪೂನು ಬೀಸಿ ಎಸೆದರು, ಎಳೆದರು. ಅವರ ಕಣ್ಣಿಗೆ ನೀರಿನ ಮೇಲಿನ ಬಿಸಿಲಷ್ಟೇ ಕಂಡಿರಬೇಕು. ನನಗೆ ಮೇಲಿನಿಂದ ಎಲ್ಲ ಕಂಡಿತು. ಬಂಡೆಯ ಸಂದಿಯಿಂದ ಉದ್ದನೆಯ ಕಪ್ಪು ನೆರಳೊಂದು ಹೊರಟು ಸ್ಪೂನಿನ ಹಿಂದೆಯೇ ಬಂತು. ಬಂತು, ಬಂತು, ಇನ್ನೇನು ಬಾಯಿ ಹಾಕಬೇಕು, ಸ್ಪೂನು ಹೊರಳಿ ಬಿಸಿಲಿಗೆ ಫಳ್ಳೆಂದಿತು. ನೆರಳು ಬೆಚ್ಚಿ ತಿರುಗಿ ಓಡಿತು. ಮತ್ತೆ ಎಸೆದರು, ಮತ್ತೆ ಅದೇ ಆಟ.

ಮೀನು ಇದೆ! ಹಸಿವೂ ಇದೆ! ನಾನು ಬೆಳಗಿದ ಬೆಳಕಿಗೆ ಹೆದರುತ್ತಿದೆ! ಈ ತಿಳಿನೀರಿಗೆ ಮೊದಲೇ ಹೆಚ್ಚಾಗಿದ್ದ ಹೊಳಪನ್ನು ನಾನು ಇನ್ನೂ ಹೆಚ್ಚಿಸಿದ್ದೆ.

ಮಾವನಿಗೆ ಆಗಲೇ ಹೇಳಲಿಲ್ಲ. ಬುತ್ತಿ ಕೊಟ್ಟು ಮನೆಗೆ ಬಂದು, ಅವರು ಬಂದ ಮೇಲೆ ಡಬ್ಬಿ ಕೇಳಿ ಇಸಿದುಕೊಂಡು ಹಿತ್ತಿಲಲ್ಲಿ ಕೂತೆ. ಅಪ್ಪನ ಮಾತು ನೆನಪಾಯಿತು. ಈ ಮಾಲನ್ನು ನೋಡಬೇಕಾದದ್ದು ಡಬ್ಬಿಯೊಳಗಲ್ಲ. ನೀರು ತುಂಬಿದ ಹಂಡೆಯನ್ನು ಬಿಸಿಲಿಗೆ ಎಳೆದು, ಒಂದೊಂದನ್ನೇ ದಾರಕ್ಕೆ ಕಟ್ಟಿ ಅದರಲ್ಲಿ ಎಳೆದಾಡಿಸಿ ನೋಡಿದೆ. ಗಾಜಿನ ಕಣ್ಣಿನ ಪರದೇಶಿ ಮೀನು ಗೊಂಬೆಯಂತೆ ತೇಲಿತು. ಅಂಥ ಬಣ್ಣದ್ದನ್ನು ನಾನು ಯಾವ ಬಾಳೆ ಮೀನಿನ ಹೊಟ್ಟೆಯಲ್ಲೂ ನೋಡಿರಲಿಲ್ಲ. ಬಿಳಿ ತಗಡಿನದು ಕಣ್ಣು ಕುಕ್ಕಿತು. ದೊಡ್ಡ ಹಿತ್ತಾಳೆಯದು ನನ್ನ ಅಂಗೈ ಅಗಲ ಇತ್ತು. ಅತ್ತೆಯ ಜೊತೆ ಕೂತು ಸೀಳಿದ ಹೊಟ್ಟೆಗಳಲ್ಲಿ ಏನಿರುತ್ತಿತ್ತು? ಬೆರಳುದ್ದದ ಮರಿಗಳು. ಬೆನ್ನು ಕಪ್ಪು, ಹೊಟ್ಟೆ ಬಿಳಿ.

ಡಬ್ಬಿಯ ತಳದಲ್ಲಿ ಬೆರಳುದ್ದದ್ದು ಒಂದು ಸಿಕ್ಕಿತು. ಸಣ್ಣದೆಂದು ಮಾವ ಕೈಬಿಟ್ಟಿದ್ದ ಸ್ಪೂನು. ಹಂಡೆಯಲ್ಲಿ ಎಳೆದೆ. ಮರಿಮೀನಿನ ಹಾಗೆ ಸೊಂಟ ತಿರುಗಿಸಿಕೊಂಡು ಬಂತು. ಇನ್ನು ಬಣ್ಣ ಒಂದು ಬಾಕಿ. ಅದಕ್ಕೆ ಯಾವ ಪೇಂಟು ಬೇಕು? ಹೊಸ ದೋಸೆ ಕಾವಲಿಯನ್ನು ಪಳಗಿಸುವುದು ನನಗೆ ಗೊತ್ತಿಲ್ಲವೇ? ಹೊರಮೈಗೆ ಎಣ್ಣೆ ಸವರಿ ಕೆಂಡದ ಮೇಲೆ ಇಡುವುದು, ಹೊಗೆಯಾಡಿದ ಮೇಲೆ ಮತ್ತೆ ಸವರುವುದು.

ಒಲೆಯ ಮುಂದೆ ಕೂತಿದ್ದಾಗ ವಾಸನೆ ಹಿಡಿದು ಮಾವ ಅಡಿಗೆಮನೆಯ ಬಾಗಿಲಿಗೆ ಬಂದರು.

"ಏನಮ್ಮ ಸುಡ್ತಾ ಇದ್ದೀಯ? ಅಯ್ಯೋ, ನನ್ನ ಸ್ಪೂನು! ಕೊಕ್ಕೆ ಬೆಂಕಿಗೆ ಬಿದ್ರೆ ಹದ ಹೋಗುತ್ತೆ ಹುಡುಗಿ, ಮೇಣದ ಥರ ಬಗ್ಗಿಬಿಡುತ್ತೆ!"

"ಕೊಕ್ಕೆ ಬಿಚ್ಚಿ ಇಟ್ಟಿದ್ದೀನಿ ಮಾವ," ಎಂದು ಕಿಟಕಿಯತ್ತ ಕೈ ತೋರಿಸಿದೆ. ಕಬ್ಬಿಣದ ಊರಿಗೆ ಸೊಸೆಯಾಗಿ ಬಂದು ಅಷ್ಟೂ ಕಲಿಯದಿದ್ದರೆ ಹೇಗೆ?

ಫಿಟ್ಟರ್ ಮನಸ್ಸು ಅಲ್ಲಿಗೆ ಅರ್ಧ ಮೆತ್ತಗಾಯಿತು. ಬಂಡೆಯ ಮೇಲಿನಿಂದ ನೋಡಿದ್ದನ್ನೆಲ್ಲ ಹೇಳಿದೆ. ಅವರು ಹೊಸ್ತಿಲ ಮೇಲೆ ಕೂತು ಕೇಳಿದರು.

"ಹಿಂದೆ ಬಂತಾ? ನೀನು ಕಣ್ಣಾರೆ ನೋಡಿದ್ಯಾ?"

"ನಿಮ್ಮ ಕಾಲ ಹತ್ರದವರೆಗೂ ಬಂತು ಮಾವ."

ಅವರು ಸ್ಪೂನನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಬೆನ್ನು ಕಾವಲಿಯಂತೆ ಕಂದು ಕಪ್ಪಗೆ, ಒಳಹೊಟ್ಟೆಗೆ ಹತ್ತಿದ್ದ ಮಸಿ ಒರೆಸಿದ್ದರಿಂದ ಅಲ್ಲಿ ಮಾತ್ರ ತೆಳ್ಳಗೆ ಮಿನುಗು. "ಹಬ್ಬದ ಸಾಮಾನಿಗೆ ಮಸಿ ಬಳಿದ್ಯಲ್ಲೇ," ಎಂದು ಗೊಣಗಿದರು.

"ಅತ್ತೆಗೆ ಬೇಕಾಗಿರೋದು ಮೀನು. ಸ್ಪೂನನ್ನು ಎಡೆಗೆ ಇಡ್ತೀರಾ?" ಎಂದೆ. ಬಾಯಿ ಸ್ವಲ್ಪ ಜೋರಾಯಿತು ಎಂದು ಆಮೇಲೆ ಅನ್ನಿಸಿತು. ಆದರೆ ಮಾವ ಎದ್ದುಹೋಗಿ ಕೊಕ್ಕೆ ಸಿಕ್ಕಿಸಲು ಇಕ್ಕಳ ತಂದರು.

ಹಬ್ಬದ ಬೆಳಗ್ಗೆ ಅವರು ಹೊರಟಾಗ ನಾನೂ ಹಿಂದೆಯೇ ಹೊರಟೆ. ಬೇಡ ಎನ್ನಲಿಲ್ಲ. ಬೇಲಿಯಾಚೆಯಿಂದ ಮೇಸ್ತ್ರಿ, "ಏನ್ ಅಣ್ಣಾಚಿ, ಸೊಸೇನ ಮೀನಿಗೆ ತೋರಿಸೋಕೆ ಕರ್ಕೊಂಡು ಹೋಗ್ತೀರಾ?" ಎಂದ. "ಸಾರಿಗೆ ಮಸಾಲೆ ಅರೆಯೋಕೆ ಹೇಳಿ ನಿಮ್ಮ ಮನೇಲಿ," ಎಂದೆ ನಾನು.

ಹೇಳಿಬಿಟ್ಟೆ, ಸರಿ. ಬಂಡೆ ಹತ್ತಿ ನಿಂತ ಮೇಲೆ ಭಯ ಶುರುವಾಯಿತು. ಇವತ್ತೂ ಬರಿಗೈ ಆದರೆ ಈ ಮುದುಕರು ಅತ್ತೆಯ ಮುಂದೆ ಕೈ ಮುಗಿಯದೆ ಮೂಲೆಯಲ್ಲಿ ಕೂರುತ್ತಾರೆ. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಮಾವ ದಾರ ಬೀಸಿದರು. ಸ್ಪೂನು ನೀರಿಗೆ ಬಿತ್ತು. ಎಳೆದರು. ಸಂದಿಯಿಂದ ಏನೂ ಬರಲಿಲ್ಲ.

"ಇನ್ನೂ ಆಚೆಗೆ ಎಸೀರಿ ಮಾವ, ಆ ಕಪ್ಪು ಕಲ್ಲಿನ ಪಕ್ಕ! ಎಳೆಯೋದು ನಿಧಾನ!"

ಕಾರ್ಖಾನೆಯಲ್ಲಿ ಮೇಲಿನವರ ಮಾತನ್ನೂ ಸುಲಭಕ್ಕೆ ಕೇಳದಿದ್ದ ಮನುಷ್ಯ ನನ್ನ ಮಾತು ಕೇಳಿದರು. ಸ್ಪೂನು ಕಪ್ಪು ಕಲ್ಲಿನ ಪಕ್ಕ ಬಿದ್ದು, ಓಲಾಡುತ್ತ, ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತ ಬಂತು. ನೆರಳು ಹೊರಟಿತು. ಹಿಂದೆ ಬಂತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಸ್ಪೂನು ಹೊರಳಿತು, ಹೊಟ್ಟೆ ಸಣ್ಣಗೆ ಮಿನುಗಿತು. ಈ ಸಲ ನೆರಳು ಬೆಚ್ಚಲಿಲ್ಲ, ನುಗ್ಗಿತು!

"ಬಂತು ಮಾವಾ!"

ದಾರ ಬಿಗಿದು ನೀರು ಸೀಳಿತು. ಮಾವ ಒಂದು ಹೆಜ್ಜೆ ಮುಂದೆ ಎಳೆಸಿಕೊಂಡರು, ಆಮೇಲೆ ಕಾಲೂರಿ ನಿಂತರು. ಬಿಡುವುದು, ಎಳೆಯುವುದು, ಮತ್ತೆ ಬಿಡುವುದು. ಅದರ ಹದ ಅವರದೇ, ಅದರಲ್ಲಿ ನನ್ನ ಪಾಲಿಲ್ಲ. ನಾನು ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೂಗಿದ್ದಷ್ಟೇ. ಅಕ್ಕಪಕ್ಕ ಬಟ್ಟೆ ಒಗೆಯುತ್ತಿದ್ದವರೆಲ್ಲ ಒಗೆಯುವುದು ಬಿಟ್ಟು ನಿಂತಿದ್ದರು. ಕೊನೆಗೆ ಮಾವ ಅದರ ಕಿವಿರಿಗೆ ಕೈ ಹಾಕಿ ಮರಳಿನ ಮೇಲೆ ಎಳೆದು ತಂದಾಗ ಅದು ಅವರ ಕೈಯುದ್ದ ಇತ್ತು. ಪಳಗಿಸಿದ ಸ್ಪೂನು ಅದರ ದವಡೆಯ ಮೂಲೆಯಲ್ಲಿ ಕಚ್ಚಿಕೊಂಡಿತ್ತು. ಮಾವ ಮೀನಿನ ಪಕ್ಕ ಮರಳಿನಲ್ಲೇ ಕೂತುಬಿಟ್ಟರು. ಮುಖ ಒದ್ದೆಯಾಗಿತ್ತು. ಹೊಳೆ ನೀರು ಎಂದು ನಾನು ಭಾವಿಸಿಕೊಂಡೆ.

ಮನೆಗೆ ಹೋಗುವಾಗ ಸುತ್ತು ದಾರಿಯಾದರೂ ಪೇಟೆ ಬೀದಿಯಲ್ಲೇ ಹೋದೆವು. ಮೀನು ಮಾವನ ಹೆಗಲ ಮೇಲೆ, ಡಬ್ಬಿ ನನ್ನ ಕಂಕುಳಲ್ಲಿ. ಬೇಲಿಯ ಹತ್ತಿರ ಮಾವ ಬೇಕೆಂದೇ ನಿಂತು ಹೆಗಲು ಬದಲಾಯಿಸಿದರು. ಮೇಸ್ತ್ರಿ ಬಾಯಿ ತೆರೆದವನು ಮುಚ್ಚಲಿಲ್ಲ. "ಯಾವುದರಲ್ಲಿ ಬಿತ್ತು ಅಣ್ಣಾಚಿ?" ಎಂದು ಕೇಳಿದ. ಮಾವ ಗಲ್ಲದಿಂದ ನನ್ನತ್ತ ತೋರಿಸಿ, "ಅವಳನ್ನ ಕೇಳಪ್ಪ," ಎಂದರು.

ಹಿತ್ತಿಲ ಕಲ್ಲಿನ ಮೇಲೆ ಹೊಟ್ಟೆ ಸೀಳಿದೆ. ಬೆರಳುದ್ದದ ಮರಿಗಳಿದ್ದವು, ಕಪ್ಪು ಬೆನ್ನಿನವು. ಮಾವನನ್ನು ಕರೆದು ತೋರಿಸಿದೆ. ಅಷ್ಟು ವರ್ಷ ಮೀನು ಹಿಡಿದವರು ಮೊದಲ ಬಾರಿಗೆ ಬಗ್ಗಿ ಅದರ ಹೊಟ್ಟೆ ನೋಡಿದರು.

ಕೋಣೆಯಲ್ಲಿ ಕಳಶದ ಪಕ್ಕ ಹೊಸ ಸೀರೆ ಇಟ್ಟು, ಬಾಳೆಎಲೆಯ ಮೇಲೆ ಅನ್ನ, ಸಾರು, ನಡು ತುಂಡು ಇಟ್ಟೆವು. ಮಾವ ಧೂಪ ಹಾಕಿ ಕೈ ಮುಗಿದರು. ಬಹಳ ಹೊತ್ತು ಮುಗಿದೇ ಇದ್ದರು. ಆಮೇಲೆ ಅತ್ತೆ ಎದುರಿಗೇ ಕೂತಿರುವಂತೆ, "ತಡ ಆಯ್ತು, ಬೇಜಾರು ಮಾಡ್ಕೋಬೇಡ. ಉಣ್ಣು," ಎಂದರು. ನನ್ನ ಗಂಡ ಮುಖ ತಿರುಗಿಸಿ ನಿಂತರು. ನನಗೂ ಅಳು ತಡೆಯಲಾಗಲಿಲ್ಲ.

ಊಟಕ್ಕೆ ಕೂತಾಗ ಪದ್ಧತಿಯಂತೆ ನಾನು ಸೌಟು ಆಡಿಸಿ ತಲೆಯನ್ನು ಹುಡುಕಿ ಮಾವನ ಎಲೆಗೆ ಬಡಿಸಿದೆ. ಅವರು ಅದನ್ನು ಒಂದು ಕ್ಷಣ ನೋಡಿದರು.

"ನೀನೂ ಕೂತ್ಕೋ," ಎಂದರು.

"ನಂದು ಆಮೇಲೆ ಮಾವ."

"ಕೂತ್ಕೋ ಅಂದೆ."

ಎಲೆ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಮಾವ ಎರಡೂ ಕೈಯಲ್ಲಿ ಆ ತಲೆಯನ್ನು ಎತ್ತಿ, ಸಾರು ಸೋರುತ್ತಿದ್ದಂತೆಯೇ, ನನ್ನ ಎಲೆಗೆ ಇಟ್ಟರು.